ಬೀಗರ ಹಾಡಿಗೆ ಅಕಾರ್ಡಿಯನ್ ಕೂರಿಸಿದ್ದು

ನಾನು ನಾಯಿಯ ಹಾಗೆ ಬೊಗಳಲು ಬಾಯಿ ತೆರೆಯುವ ಮೊದಲೇ, ಪಾಂಡವಪುರದ ಒಂದು ಮದುವೆಯಲ್ಲಿ, ಮುಂದಿನ ಸಾಲಿನ ಮಕ್ಕಳು ಬೊಗಳಿಬಿಟ್ಟವು. ಥೇಟ್ ನಾನು ಬೊಗಳುವ ಹಾಗೆಯೇ. ಕೊನೆಗೆ ಕಲ್ಲೇಟು ತಿಂದು ಕುಂಯ್‌ಗುಡುತ್ತ ಓಡುವುದೂ ಸೇರಿದಂತೆ. ಸರಿ, ರೈಲು ಬಿಡೋಣವೆಂದು ತುಟಿಯನ್ನು ಮೈಕಿಗೆ ತಂದೆ. ಅವು ರೈಲನ್ನೂ ಬಿಟ್ಟವು. ಉಳಿದವನು ಬಸ್ಸಿನ ಕಂಡಕ್ಟರು. ಅವನನ್ನು ಹಿಂದೆ ಕುಳಿತ ದೊಡ್ಡವರು ವಿಚಾರಿಸಿಕೊಂಡರು. ಕೈಮುಗಿದು ಕೆಳಗಿಳಿದೆ. ನನ್ನನ್ನು ಅಣಕಿಸುವವರು ಇಷ್ಟೊಂದು ಜನ ಹುಟ್ಟಿಕೊಂಡಿದ್ದಾರೆಂದರೆ ನಾನೂ ದೊಡ್ಡ ಮನುಷ್ಯನೇ ಇರಬೇಕು ಎಂದು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ನಮ್ಮ ಯಜಮಾನರಂತೂ ನಗಲೇ ಇಲ್ಲ.

ಯಜಮಾನರೆಂದರೆ ನಾನು ಮಿಮಿಕ್ರಿ ಮಾಡುವ ಶ್ರೀರಂಗಪಟ್ಟಣದ ಆರ್ಕೆಸ್ಟ್ರಾದ ಒಡೆಯರು. ಅಕಾರ್ಡಿಯನ್ ನುಡಿಸುವವರೂ ಅವರೇ. ಅದು ಎದೆಯ ಮೇಲಿದ್ದಾಗ ಮಾತ್ರ ಅವರ ಮುಖದಲ್ಲಿ ನಗು. ಕಳಚಿಟ್ಟರೆ ನಗುವೂ ಪೆಟ್ಟಿಗೆಯೊಳಗೆ ಹೋಗುತ್ತದೆ. ವಾಪಸು ಬರುವಾಗ ವ್ಯಾನಿನಲ್ಲಿ ಅವರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ಮೈಸೂರಿನಲ್ಲಿ ಒಬ್ಬ ಹುಡುಗನನ್ನು ನೋಡಿ ಬಂದಿದ್ದೇನೆ, ಅವನ ಬಾಯಲ್ಲಿ ಹೊಸ ಸರಕಿದೆ ಎಂದರು. ಸಿಂಧಘಟ್ಟದ ಮದುವೆಯೊಂದು ಒಪ್ಪಿಕೊಂಡಾಗಿದೆ. ಅದನ್ನು ಗೆದ್ದುಕೊಟ್ಟರೆ ನೀನು ಇರು, ಇಲ್ಲದಿದ್ದರೆ ನಿನ್ನ ನಾಯಿ, ರೈಲು, ಕಂಡಕ್ಟರು ಎಲ್ಲರನ್ನೂ ಕರೆದುಕೊಂಡು ಮನೆಗೆ ಹೋಗು. ಇಷ್ಟೇ ಮಾತು.

ಗೆಲ್ಲುವುದು ಅಂದುಕೊಂಡಷ್ಟು ಸಲೀಸಿರಲಿಲ್ಲ. ಸಿಂಧಘಟ್ಟದ ಹೆಣ್ಣಿನ ಮನೆಯಲ್ಲೇ ಎರಡು ಪಕ್ಷಗಳಾಗಿದ್ದವು. ಹೆಣ್ಣಿನ ಅಣ್ಣ ಕೆ.ಆರ್. ಪೇಟೆಯ ಗೆಳೆಯರೆದುರು ಆರ್ಕೆಸ್ಟ್ರಾ ಇಡಿಸುವುದಾಗಿ ಮಾತು ಕೊಟ್ಟುಬಿಟ್ಟಿದ್ದ. ಹೆಣ್ಣಿನ ಸೋದರತ್ತೆಯದು ಬೇರೆ ಹಟ: ಪಾಲಹಳ್ಳಿಯ ಸೋಬಾನೆಯಾಕೆ ಬಂದು ಬೀಗರ ಹಾಡು ಹೇಳದಿದ್ದರೆ ತಾನು ಚಪ್ಪರದೊಳಗೆ ಕಾಲಿಡುವುದಿಲ್ಲ. ನಮ್ಮ ಕಡೆ ಮದುವೆಯ ಹಿಂದಿನ ಸಂಜೆ ಗಂಡಿನವರು ಬಂದಿಳಿದು ಕುಳಿತ ಮೇಲೆ, ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲೇ ಆಡಿಕೊಳ್ಳುತ್ತಾರೆ. ಬೀಗನ ಬಿಂಕ, ಬೀಗಿತ್ತಿಯ ಒಡವೆ, ಮದುವಣಿಗನ ಮೀಸೆ, ಯಾವುದನ್ನೂ ಬಿಡುವುದಿಲ್ಲ. ಈ ಸೋಬಾನೆಯಾಕೆಯ ಬಾಯಿಗೆ ಬಿದ್ದ ಬೀಗ ಮೊಮ್ಮಕ್ಕಳಾಗುವ ತನಕ ಆ ಹಾಡನ್ನು ಹೊತ್ತು ತಿರುಗುತ್ತಾನೆ ಎನ್ನುವಷ್ಟು ಅವರ ಹೆಸರಿತ್ತು. ಹೆಣ್ಣಿನ ತಂದೆ ಮಗನಿಗೂ ಹೂಂ ಅಂದು, ಅಕ್ಕನಿಗೂ ಹೂಂ ಅಂದು, ಆಮೇಲೆ ಯಜಮಾನರ ಹತ್ತಿರ ಬಂದು ತಲೆ ಕೆರೆದುಕೊಂಡಿದ್ದರು. ಯಜಮಾನರು ಆ ತಲೆಯನ್ನು ನನಗೆ ದಾಟಿಸಿದರು. ನೀನು ಹೋಗಿ ಆಯಮ್ಮನ ಜೊತೆ ಕೂತು ಒಂದು ಹೊಸ ಬೀಗರ ಹಾಡು ಕಟ್ಟು. ಅರ್ಧ ಸೋಬಾನೆ, ಅರ್ಧ ಆರ್ಕೆಸ್ಟ್ರಾ.

ಪಾಲಹಳ್ಳಿಗೆ ಹೋದಾಗ ಅವರು ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಬಾಯ್ತುಂಬ ಎಲೆಯಡಿಕೆ. ನಾನು ದೊಡ್ಡವ್ವ ಎಂದು ಕರೆದೆ, ಒಪ್ಪಿಕೊಂಡರು. ಬಂದ ಕೆಲಸ ಹೇಳಿದೆ. ಮೊರ ನಿಲ್ಲಿಸದೆ ಕೇಳಿಸಿಕೊಂಡು, ಎಲ್ಲಿ ನಿನ್ನ ಸರಕು ತೋರಿಸು ಅಂದರು. ನಾಯಿಯಿಂದ ಶುರುಮಾಡಿದೆ. ಅವರ ಮನೆಯ ನಾಯಿಯೇ ಎದ್ದು ಬೇರೆ ಕಡೆ ಹೋಗಿ ಮಲಗಿತು.

"ನಾಯಿ ಗೀಯಿ ಬ್ಯಾಡ ಕಣ್ಲಾ. ನಿಂದೇ ದನೀಲಿ ಒಂದು ಪದ ಏಳು."

ಹೇಳಿದೆ. ಬಾಯಿಂದ ಬಂದದ್ದು ಸಿನಿಮಾದಲ್ಲಿ ಹಾಡುವವರೊಬ್ಬರ ದನಿ. ಅವರು ತಲೆಯಾಡಿಸಿದರು. ಇನ್ನೊಮ್ಮೆ ಹೇಳಿದೆ, ಇನ್ನೊಬ್ಬ ಗಾಯಕರು ಬಂದರು. ಮೂರನೆಯ ಸಲ ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಶುರುಮಾಡಿದೆ. ಬಂದದ್ದು ನಮ್ಮ ಯಜಮಾನರು ವ್ಯಾನಿನಲ್ಲಿ ಗುನುಗುವ ರೀತಿ. ದೊಡ್ಡವ್ವ ತುಟಿ ಹೊಲೆದ ಹಾಗೆ ಬಿಗಿಹಿಡಿದು ಎದ್ದು ಹೋಗಿ, ಎಲೆಯಡಿಕೆಯ ರಸ ಉಗುಳಿ ಬಂದು ಕೇಳಿದರು:

"ಒಳಗೆ ಮನೇಲಿ ಯಾರೂ ಇಲ್ವೇನ್ಲಾ?"

ನಾನು ನಕ್ಕೆ. ಇಂಥದಕ್ಕೆಲ್ಲ ನಗುವುದು ನನ್ನ ವೃತ್ತಿ. ಕಿವಿ ಮಾತ್ರ ಬಿಸಿಯಾಗಿತ್ತು.

ಹಾಡು ಕಟ್ಟುವುದಕ್ಕೆ ಗಂಜಾಂನಲ್ಲಿ ನಾವು ವಾದ್ಯಗಳನ್ನಿಡುವ ಶೆಡ್ಡೇ ಸರಿ ಎಂದಾಯಿತು. ದೊಡ್ಡವ್ವನಿಗೂ ಅದೇ ಬೇಕಿತ್ತು. ಬಸ್ಸಿನಲ್ಲಿ ಬಂದು, ಹೊಳೆಯಲ್ಲಿ ಕಾಲು ತೊಳೆದು, ನಿಮಿಷಾಂಬೆಗೆ ಕೈಮುಗಿದು, ಹಣೆತುಂಬ ಕುಂಕುಮ ಇಟ್ಟುಕೊಂಡು ಶೆಡ್ಡಿಗೆ ಬರುತ್ತಿದ್ದರು. ಬರುವಾಗ ಹುರುಳಿಯೋ ಅಲಸಂದೆಯೋ ಗಂಟಿನಲ್ಲಿ, ಮೊರ ಕಂಕುಳಲ್ಲಿ. ಕೈ ಸುಮ್ಮನಿದ್ದರೆ ಅವರಿಗೆ ಪದ ಹುಟ್ಟುವುದಿಲ್ಲವಂತೆ. ನಮ್ಮ ಬಾಂಗೊ ಬಾರಿಸುವವನು ಮೊರದ ಲಯಕ್ಕೆ ಬೆರಳು ಕೂಡಿಸಲು ನೋಡಿ ಸೋತ. ಮೊರ ಮೂರು ಸಲ ಕೊಡವಿ ಒಂದು ಸಲ ಜಾಡಿಸಿದರೆ, ಆ ಜಾಡಿಸುವುದು ಯಾವಾಗ ಬರುತ್ತದೆಂದು ಕಾಳಿಗೂ ಗೊತ್ತಿರುತ್ತಿರಲಿಲ್ಲ.

ಮೊದಲನೆಯ ಜಗಳ ಉದ್ದದ ಬಗ್ಗೆ. ನನ್ನ ಲೆಕ್ಕದಲ್ಲಿ ಹಾಡು ಅಂದರೆ ಪಲ್ಲವಿ, ಚರಣ, ಒಂದು ಮಟ್ಟಿಗೆ ಮುಗಿಯಬೇಕು. ಅವರ ಹಾಡಿಗೆ ಮುಗಿಯುವ ಅಭ್ಯಾಸವೇ ಇಲ್ಲ. ಅವರು ಒಂದು ಸಾಲು ಹೇಳಿದರೆ ಸುತ್ತಲಿನ ಹೆಂಗಸರು ಅದನ್ನೇ ತಿರುಗಿ ಹೇಳಬೇಕು, ಅಷ್ಟರಲ್ಲಿ ಇವರು ಮುಂದಿನ ಸಾಲು ಹುಡುಕಿಕೊಳ್ಳಬೇಕು. ಹೇಳಿದ್ದನ್ನೇ ಹೇಳಿದರೆ ಜನ ಎದ್ದು ಹೋಗ್ತಾರೆ ದೊಡ್ಡವ್ವ ಅಂದೆ. ಉಣ್ಣದೆ ಎಲ್ಲಿಗೆ ಹೋದಾರು ಅಂದರು. ತಿರುಗಿ ಹೇಳುವ ಕೆಲಸವನ್ನು ನಮ್ಮ ಹುಡುಗರಿಗೆ ಒಪ್ಪಿಸಿದೆವು.

ಬೀಗರ ವಿಷಯವೆಲ್ಲ ಸೋದರತ್ತೆಯ ಕಡೆಯಿಂದ ಬಂತು. ಬೀಗರು ನಾಗಮಂಗಲದ ಕಡೆಯವರು, ಒಕ್ಕಲುತನ. ಹೊಸದಾಗಿ ಒಂದು ಟ್ರಾನ್ಸಿಸ್ಟರ್ ಕೊಂಡು, ಚರ್ಮದ ಪಟ್ಟಿ ಹೆಗಲಿಗೆ ಹಾಕಿ, ಗದ್ದೆಗೆ ಹೋದರೂ ಸಂತೆಗೆ ಹೋದರೂ ಬಗಲಲ್ಲೇ ಇಟ್ಟುಕೊಂಡಿರುತ್ತಾರೆ. ಬೀಗಿತ್ತಿಗೆ ಸೀರೆಯ ಸೆರಗು ಉದ್ದ ಬಿಡುವ ಷೋಕಿ. ಮತ್ತೊಂದು: ಬೀಗರು ಬಾಯಿ ತೆರೆಯುವ ಮೊದಲು ಪ್ರತಿ ಮಾತಿಗೂ ಒಂದು ಸಣ್ಣ ಕೆಮ್ಮು ಕೆಮ್ಮುತ್ತಾರೆ. ಕೊಹ್ಞ್ ಅಂದು, ಆಮೇಲೆ ಮಾತು. ಚಿಕ್ಕಂದಿನಿಂದ ಹಾಗೆಯೇ ಅಂತೆ.

ನನಗೆ ಬಾಯಲ್ಲಿ ನೀರೂರಿತು. ಶೆಡ್ಡಿನಲ್ಲೇ ಕೆಮ್ಮಿ ತೋರಿಸಿದೆ. ಎಲ್ಲರೂ ನಕ್ಕರು. ದೊಡ್ಡವ್ವ ಮೊರ ಕೆಳಗಿಟ್ಟರು.

"ರೇಡಿಯೋ ಅವ್ನೇ ತಗಂಡ, ಸೆರಗ ಅವ್ಳೇ ಬುಟ್ಲು. ಅವ್ನ ಆಡ್ಕೊ. ಕೆಮ್ಮ ಅವ್ನೇನು ಸಂತೇಲಿ ಕೊಂಡ್ಕಬಂದಿದ್ನಾ? ಅದ ಮುಟ್ಬ್ಯಾಡ."

ಆಯಿತೆಂದೆ. ಟ್ರಾನ್ಸಿಸ್ಟರಿಗೆ ಬಂದೆವು. ಅವರು ಕಾಳು ಕೊಡವುತ್ತ ಎರಡು ಸಾಲು ಹೇಳಿದರು:

ನಾಗಮಂಗಲದ ಬೀಗ ಬಂದವ್ನೆ
ಬಗಲಾಗೆ ರೇಡಿಯೋ ನೇತಾಕ್ಕೊಂಡು

ಅಲ್ಲಿಗೆ ನಿಂತಿತು. ಮೊರದಲ್ಲಿ ಕಾಳು ಮುಗಿದರೂ ಮುಂದಿನ ಸಾಲು ಬರಲಿಲ್ಲ. ನಾನು ವಾರ್ತೆ ಓದುವವರ ದನಿ ತೆಗೆದು ಸುಮ್ಮನೆ ಏನೋ ಒದರುತ್ತಿದ್ದೆ. ಒದರುತ್ತಲೇ ಬಾಯಿಗೆ ಬಂತು:

ಹೆಂಡ್ತಿ ಮಾತಿಗೆ ಕಿವಿ ಕೊಡದೋನು
ದಿಲ್ಲಿ ಮಾತಿಗೆ ತಲೆದೂಗ್ತಾನೆ

ದೊಡ್ಡವ್ವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಅವರ ಮೆಚ್ಚುಗೆ ಹೀಗೆ ಬೆನ್ನಿನ ಮೇಲೆಯೇ ಬೀಳುತ್ತಿತ್ತು. ಬೀಗಿತ್ತಿಯ ಸೆರಗನ್ನು ಇಬ್ಬರೂ ಸೇರಿ ಎಳೆದೆವು; ಬೀಗಿತ್ತಿ ಬಂದು ಉಂಡು ಕೈತೊಳೆದ ಮೇಲೆ ಅವಳ ಸೆರಗು ಬಾಗಿಲು ದಾಟಿತೆಂದು ಹಾಡಾಯಿತು. ಆ ಕೆಲವು ದಿನ ನಾನು ನಿಜವಾಗಿ ಸುಖವಾಗಿದ್ದೆ. ಯಾರದೋ ಮಾತನ್ನು ಕದಿಯದೆ, ಇನ್ನೂ ಯಾರೂ ಆಡಿರದ ಮಾತನ್ನು ಹುಡುಕುವುದು ನನಗೆ ಹೊಸದು.

ಎರಡನೆಯ ಜಗಳ ಸಣ್ಣದು. ಸಣ್ಣದೆಂದು ಆಗ ಅನಿಸಿತ್ತು. ಒಂದೊಂದು ಪದ ಮುಗಿದ ಮೇಲೂ ದೊಡ್ಡವ್ವ ಬಾಯಿ ಮುಚ್ಚಿ ಸುಮ್ಮನೆ ಕೂರುತ್ತಿದ್ದರು. ಮರೆತರೇನೋ ಎಂದು ನಾನು ಮುಂದಿನ ಸಾಲು ಎತ್ತಿಕೊಟ್ಟರೆ ಕೈ ಅಡ್ಡ ಹಿಡಿಯುತ್ತಿದ್ದರು. ಅಲ್ಲಿ ಸಂದು ಬಿಡಬೇಕಂತೆ. ಯಾಕೆ ಅಂದೆ. ನಾವು ಅಂದ ಮೇಲೆ ಆ ಕಡೆಯ ಹೆಂಗಸರು ಏನಾದರೂ ಅನ್ನಬೇಡವೇ, ಅವರ ಪದ ಆದ ಮೇಲಲ್ಲವೇ ನಮ್ಮದು ಎಂದರು.

ಯಜಮಾನರು ಒಪ್ಪಲಿಲ್ಲ. ಆರ್ಕೆಸ್ಟ್ರಾ ನಡೆಯುವಾಗ ಒಂದು ಗಳಿಗೆ ಸದ್ದು ನಿಂತರೆ ಜನ ಕರೆಂಟು ಹೋಯಿತೆಂದು ತಿಳಿಯುತ್ತಾರೆ, ಸಂದಿದ್ದಲ್ಲೆಲ್ಲ ಸಂಗೀತ ಇರಬೇಕು ಎಂದು ಅಕಾರ್ಡಿಯನ್ ಏರಿಸಿಕೊಂಡರು. ದೊಡ್ಡವ್ವನ ಧಾಟಿಯನ್ನೇ ಹಿಡಿದು, ಅದರ ತುದಿಗೆ ಒಂದು ಕುಣಿತ ಸೇರಿಸಿ ನುಡಿಸಿದರು. ದೊಡ್ಡವ್ವ ಮೊದಲ ಸಲ ಮುಖ ಸಿಂಡರಿಸಿದರು. ಮರುದಿನ ತಲೆದೂಗಿದರು. ಅದರ ತಿದಿ ಹಿಗ್ಗಿ ಕುಗ್ಗುವುದನ್ನು ನೋಡುತ್ತ, ಇದು ಉಸಿರಾಡ್ತದಲ್ಲಪ್ಪ ಎಂದು ಮುಟ್ಟಿ ನೋಡಿದರು. ಅದಾದ ಮೇಲೆ ಪದ ಮುಗಿಯುತ್ತಲೇ ತಾವೇ ಯಜಮಾನರ ಕಡೆ ತಿರುಗಿ, ಊದಪ್ಪ ನಿನ್ನ ಪೆಟ್ಟಿಗೆಯ ಎನ್ನತೊಡಗಿದರು. ಸಂದಿನ ಮಾತು ಮತ್ತೆ ಬರಲಿಲ್ಲ.

ಇನ್ನು ಮೈಕು. ದೊಡ್ಡವ್ವ ಅದನ್ನು ಒನಕೆ ಹಿಡಿದ ಹಾಗೆ ಹಿಡಿದು, ಹೊಲದ ಆಚೆಯವರನ್ನು ಕರೆಯುವ ಗಂಟಲಲ್ಲಿ ಹಾಡಿದರೆ ಆಂಪ್ಲಿಫೈಯರು ಕೀರೆಂದು ಕಿರುಚುತ್ತಿತ್ತು. ದೂರ ಹಿಡಿ, ಮೆಲ್ಲಗೆ ಹಾಡು, ಅದು ನಿನ್ನ ಪರವಾಗಿ ಕೂಗುತ್ತದೆ ಎಂದು ಹೇಳಿಕೊಟ್ಟೆ. ಒಂದು ದಿನ ಮೈಕ್ ಸೆಟ್ಟಿನ ಹಾರನ್ನನ್ನು ಹೊರಗೆ ಕಟ್ಟಿ ಹಾಡಿಸಿದೆವು. ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವವರು ತಿರುಗಿ ನೋಡಿದರಂತೆ. ಅಷ್ಟು ದೂರ ಕೇಳಿಸಿತಾ ಎಂದು ದೊಡ್ಡವ್ವ ಎಷ್ಟು ಸಲ ಕೇಳಿದರೋ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ವ್ಯಾನಿನಲ್ಲಿ ಸಿಂಧಘಟ್ಟ ಸೇರಿದೆವು. ಊರಿಗೆ ಕರೆಂಟು ಬಂದಿತ್ತಾದರೂ ಅದನ್ನು ನಂಬುವ ಹಾಗಿರಲಿಲ್ಲ. ಆಂಪ್ಲಿಫೈಯರನ್ನು ಬ್ಯಾಟರಿಗೇ ಕೊಟ್ಟೆವು. ಒಂದು ಹಾರನ್ ತೆಂಗಿನ ಮರಕ್ಕೆ, ಇನ್ನೊಂದು ಚಾವಣಿಯ ಮೇಲೆ, ಎರಡೂ ಚಪ್ಪರದೊಳಗೇ ಮುಖಮಾಡಿ. ಮೂಡಣ ಕಡೆ ನಮ್ಮ ಜಮಖಾನ. ಎದುರಿಗೆ ಪಡುವಣ ಕಡೆ ಗಂಡಿನವರದು. ಹೊತ್ತು ಇಳಿಯುವಾಗ ಅವರು ಲಾರಿಯಲ್ಲಿ ಬಂದಿಳಿದರು. ಕಾಲಿಗೆ ನೀರು, ಪಾನಕ, ಎಲೆಯಡಿಕೆ ಎಲ್ಲ ಆಯಿತು. ಬೀಗರ ಬಗಲಲ್ಲಿ ಟ್ರಾನ್ಸಿಸ್ಟರ್ ಕಂಡ ಕೂಡಲೇ ನನಗೂ ದೊಡ್ಡವ್ವನಿಗೂ ಕಣ್ಣಲ್ಲೇ ಮಾತಾಯಿತು.

ದೀಪ ಹಚ್ಚುವ ಹೊತ್ತಿಗೆ, ಮೈಕು ಸರಿಯಿದೆಯೇ ನೋಡುವ ನೆಪದಲ್ಲಿ ನಾನೊಮ್ಮೆ ಬೊಗಳಿ ರೈಲು ಬಿಟ್ಟ ಮೇಲೆ, ಹಾಡು ಶುರುಮಾಡಿದೆವು. ಮೊದಲ ಪದಕ್ಕೇ ಚಪ್ಪರ ಎದ್ದು ಕುಳಿತಿತು. ದಿಲ್ಲಿಯ ಸಾಲು ಬಂದಾಗ ಬೀಗರೇ ಎಲ್ಲರಿಗಿಂತ ಮೊದಲು ನಕ್ಕು, ಟ್ರಾನ್ಸಿಸ್ಟರನ್ನು ಮೇಲೆತ್ತಿ ತೋರಿಸಿದರು. ಗೆದ್ದೆ ಅಂದುಕೊಂಡೆ. ಮೈಸೂರಿನ ಹುಡುಗ ಮೈಸೂರಲ್ಲೇ ಉಳಿದ. ಯಜಮಾನರು ಅಕಾರ್ಡಿಯನ್ ಹಿಗ್ಗಿಸಿದರು, ಹಾರನ್ನುಗಳು ಊರು ತುಂಬಿದವು.

ಗಂಡಿನ ಕಡೆ ಒಬ್ಬರು ಅಜ್ಜಿ ಮುಂದೆ ಕುಳಿತಿದ್ದರು, ಬೀಗರ ತಾಯಿ. ನಮ್ಮ ಪದ ಮುಗಿಯುತ್ತಲೇ ಅವರು ಕಿವಿಯ ಮೇಲೆ ಕೈಯಿಟ್ಟು ಬಾಯಿ ತೆರೆದರು. ಸುತ್ತಲಿನ ಹೆಂಗಸರು ಅವರ ಕಡೆ ಬಾಗಿದರು. ನನಗೆ ಕಂಡದ್ದು ತುಟಿಗಳು ಆಡುವುದಷ್ಟೇ, ಕೇಳಿದ್ದು ಅಕಾರ್ಡಿಯನ್. ಅಜ್ಜಿಯೂ ಖುಷಿಯಲ್ಲಿ ಜೊತೆಗೂಡಿದ್ದಾರೆಂದು ತಿಳಿದು ನಾನು ಕೈಬೀಸಿದೆ. ಅಷ್ಟರಲ್ಲಿ ನಮ್ಮ ಎರಡನೆಯ ಪದ ಹತ್ತಿತು. ಅಜ್ಜಿ ಬಾಯಿ ಮುಚ್ಚಿ ಕಾದರು. ಎರಡನೆಯದು ಮುಗಿದಾಗ ಮತ್ತೆ ಕಿವಿಗೆ ಕೈ, ಮತ್ತೆ ತುಟಿ, ಮತ್ತೆ ಅಕಾರ್ಡಿಯನ್. ದೊಡ್ಡವ್ವನ ಕಣ್ಣು ಹಾರನ್ನಿನ ಮೇಲಿತ್ತು. ತಮ್ಮ ದನಿ ತೆಂಗಿನ ಮರದಿಂದ ಇಳಿಯುವುದನ್ನು ಅವರು ಬಾಯಿಬಿಟ್ಟು ನೋಡುತ್ತಿದ್ದರು.

ಮೂರನೆಯ ಪದದ ಕೊನೆಗೆ ಬೀಗರು ಎದ್ದು ನಿಂತು ಒಂದು ಕೈ ಎತ್ತಿದರು. ಏನೋ ಹೇಳಲು ಹೊರಟಿದ್ದರು. ಹೇಳುವ ಮೊದಲು ಅಭ್ಯಾಸದಂತೆ ಕೆಮ್ಮಿದರು.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. ಮೈಕು ತುಟಿಯಲ್ಲೇ ಇತ್ತು; ಕೊಹ್ಞ್ ಅಂದೆ. ಎರಡು ಹಾರನ್ನುಗಳೂ ಕೆಮ್ಮಿದವು. ಜನ ಹೋ ಎಂದರು. ಬೀಗರು ತಬ್ಬಿಬ್ಬಾಗಿ ಇನ್ನೊಮ್ಮೆ ಕೆಮ್ಮಿದರು, ನಾನೂ ಇನ್ನೊಮ್ಮೆ. ಈಗ ಯಜಮಾನರೂ ಹುರುಪಿನಲ್ಲಿ ಅಕಾರ್ಡಿಯನ್ನಿನ ತಿದಿಯನ್ನು ಚಕ್ಕನೆ ಒತ್ತಿ ಅದರಿಂದಲೂ ಕೆಮ್ಮಿಸಿದರು. ಹೆಣ್ಣಿನ ಅಣ್ಣನ ಗೆಳೆಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಬೀಗರ ಎತ್ತಿದ ಕೈ ಹಾಗೇ ಇಳಿಯಿತು. ಹೇಳಬೇಕಾದ್ದನ್ನು ಹೇಳದೆ ಅವರು ಕುಳಿತರು. ಟ್ರಾನ್ಸಿಸ್ಟರನ್ನು ಹೆಗಲಿನಿಂದ ತೆಗೆದು, ಪಂಚೆಯ ಅಂಚಿನಡಿ ಸರಿಸಿದರು.

ಅವರು ಏನು ಹೇಳಲು ಎದ್ದಿದ್ದರೆಂದು ಆಮೇಲೆ ತಿಳಿಯಿತು. ನಮ್ಮವ್ವ ಒಂದು ಪದ ಹೇಳ್ತಾವ್ರೆ, ಸ್ವಲ್ಪ ತಡೆಯಿರಿ ಎನ್ನಬೇಕೆಂದಿದ್ದರಂತೆ.

ಹಾಡು ಮುಗಿಸಿದೆವು. ಎಲೆ ಹಾಕಿದರು. ಹೆಣ್ಣಿನ ತಂದೆ ಚೊಂಬು ಹಿಡಿದು ಗಂಡಿನವರೆದುರು ನಿಂತು, ಕೈಗೆ ನೀರು ತಗೊಳ್ಳಿ, ಏಳಿ ಊಟಕ್ಕೆ ಎಂದರು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದರು. ಅಜ್ಜಿ ಸೆರಗನ್ನು ಮೈತುಂಬ ಎಳೆದುಕೊಂಡು ನೆಲ ನೋಡುತ್ತಿದ್ದರು. ಅವರ ಕಡೆಯ ಒಬ್ಬರು ಹೋಗಿ, ಇಳಿಸಿಟ್ಟಿದ್ದ ಟ್ರಂಕನ್ನು ಮತ್ತೆ ಲಾರಿಯ ಹತ್ತಿರ ಒಯ್ದರು. ಬೀಗರು ಉಣ್ಣದೆ ಎದ್ದು ಹೋದರೆ ಬೆಳಿಗ್ಗೆ ಧಾರೆ ಇಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಒಳಗೆ ಅರಿಶಿನ ಹಚ್ಚಿಕೊಂಡು ಕುಳಿತಿದ್ದ ಹುಡುಗಿಗೂ ಅಷ್ಟರಲ್ಲಿ ಸುದ್ದಿ ಹೋಗಿತ್ತು. ಸೋದರತ್ತೆ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ಹೆಣ್ಣಿನ ತಂದೆ ಚೊಂಬು ಹಿಡಿದೇ ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಯಜಮಾನರು ನನ್ನ ಕಿವಿಯಲ್ಲಿ, ಹೋಗಿ ಮೈಕಲ್ಲಿ ತಪ್ಪಾಯ್ತು ಅನ್ನು ಎಂದರು. ಅವರ ಅಕಾರ್ಡಿಯನ್ ಆಗಲೇ ಪೆಟ್ಟಿಗೆ ಸೇರಿತ್ತು. ನಾನು ಮೈಕು ಎತ್ತಿಕೊಂಡೆ. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದರು.

"ಏನಂತೀಯ ಅದ್ರಲ್ಲಿ?"

"ತಪ್ಪಾಯ್ತು ಅಂತೀನಿ."

"ಅದೂ ನಮ್ಮ ಕಡೆ ದನೀನೇ ಆಯ್ತಲ್ಲೋ. ಆಯಮ್ಮ ಆವಾಗ್ಲಿಂದ ಬಾಯಿ ತಗೀತಾಳೆ, ಮುಚ್ತಾಳೆ. ಸಂದು ಮುಚ್ಚಿದ್ದು ನಾವು. ನಾನು ಬಲ್ಲೋಳು, ನಾನೂ ಆ ಮರದ ಮ್ಯಾಲಿನ ಸದ್ದಿಗೆ ಮರುಳಾಗಿ ಕುಂತ್ಬುಟ್ಟೆ."

ಹಾಗಾದರೆ ಮೈಕು ಬಂದ್ ಮಾಡಿಸುತ್ತೇನೆ, ಅಜ್ಜಿ ಅಲ್ಲಿಂದಲೇ ಹಾಡಲಿ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು.

"ನಾವು ಅಂದುದ್ದು ಊರಿಗೆಲ್ಲ ಕೇಳೈತೆ. ಅವ್ರು ಅನ್ನದೂ ಊರಿಗೆಲ್ಲ ಕೇಳ್ಬೇಕು. ತಗಂಡೋಗು ಅದ."

ಆ ಚಪ್ಪರದಲ್ಲಿ ಪಡುವಣ ಕಡೆಗೆ ನಡೆದಷ್ಟು ನಿಧಾನವಾಗಿ ನಾನು ಎಲ್ಲೂ ನಡೆದಿಲ್ಲ. ವೈರು ಹಿಂದೆಯೇ ಹರಿದು ಬರುತ್ತಿತ್ತು. ಕುಳಿತವರ ತೊಡೆಯ ಮೇಲೆ, ಹಾಕಿದ ಎಲೆಗಳ ಸಂದಿಯಲ್ಲಿ, ಕಂಬದ ಬುಡದಲ್ಲಿ ಸಿಕ್ಕಿಕೊಂಡಲ್ಲೆಲ್ಲ ಬಗ್ಗಿ ಬಿಡಿಸಿಕೊಳ್ಳಬೇಕು. ಬಗ್ಗಿದಾಗಲೆಲ್ಲ ಯಾರಾದರೊಬ್ಬರು ಕೆಮ್ಮುತ್ತಿದ್ದರು. ಹೆಣ್ಣಿನ ಅಣ್ಣನ ಗೆಳೆಯರಿಗೆ ಇನ್ನೂ ನಗೆ ಮುಗಿದಿರಲಿಲ್ಲ. ಗಂಡಿನವರ ಜಮಖಾನದ ಅಂಚಿಗೆ ಬರುವಷ್ಟರಲ್ಲಿ ವೈರು ಬಿಗಿಯಾಯಿತು. ಎಳೆದೆ. ಹಿಂದೆ ಮೈಕ್ ಸೆಟ್ಟಿನವನು ಬೇಡವೆಂದು ಕೈಯಾಡಿಸಿದ. ಅಜ್ಜಿ ಇನ್ನೂ ಅಷ್ಟು ದೂರ ಕುಳಿತಿದ್ದರು. ನಾನು ಅಲ್ಲೇ ಮಂಡಿಯೂರಿ, ಮೈಕಿರುವ ಕೈಯನ್ನು ಮುಂದೆ ಚಾಚಿ ಕುಳಿತೆ. ಅಜ್ಜಿ ತಲೆಯೆತ್ತಲಿಲ್ಲ.

ದೊಡ್ಡವ್ವ ನನ್ನನ್ನು ದಾಟಿಕೊಂಡು ಹೋಗಿ ಅವರೆದುರು ಕುಳಿತು, ತಮ್ಮ ಎಲೆಯಡಿಕೆಯ ಚೀಲ ಬಿಚ್ಚಿಟ್ಟರು.

"ನಮ್ಮ ಪದ ಮುಗೀತು ಕಣವ್ವ. ನಿಮ್ಮದಕ್ಕೆ ಸಂದು ಬುಟ್ಟಿವಿ."

"ಈಗ ಬುಟ್ರಾ?" ಅಜ್ಜಿ ಎಲೆಯೊಂದನ್ನು ತೆಗೆದು ತೊಡೆಯ ಮೇಲೆ ಒರೆಸಿಕೊಂಡರು. ತೊಟ್ಟು ಮುರಿದರು. ಎಲ್ಲ ನಿಧಾನ. ಆಮೇಲೆ ಎದ್ದು, ಮೈಕಿನ ಹತ್ತಿರ ಬಂದು ಕುಳಿತು, ಕಿವಿಗೆ ಕೈಯಿಟ್ಟರು.

ಮೊದಲು ದೊಡ್ಡವ್ವನಿಗೇ ಬಿತ್ತು. ಪಾಲಹಳ್ಳಿಯ ಕೋಗಿಲೆ ತೆಂಗಿನ ಮರ ಹತ್ತಿ ಕುಳಿತು ಇಳಿಯಲಾರದೆ ಹೋಯಿತು ಎಂದು. ಗಂಡಿನ ಕಡೆಯ ಹೆಂಗಸರು ಸಾಲನ್ನು ತಿರುಗಿ ಹೇಳಿದರು. ಹಾರನ್ನುಗಳು ಈಗ ಅವರಿಗಾಗಿ ಕೂಗಿದವು. ಪದ ಮುಗಿದ ಮೇಲೆ ಅಜ್ಜಿ ಸಂದು ಬಿಟ್ಟರು. ದೊಡ್ಡವ್ವ ಅಲ್ಲೇ ಕುಳಿತು, ಇಳಿದು ಬಂದು ನಿಮ್ಮ ಕಾಲ ಹತ್ತಿರ ಕೂತಿಲ್ಲವೇ ಎಂದು ಒಂದು ಸಾಲಿನಲ್ಲಿ ಉತ್ತರ ಕೊಟ್ಟರು. ಚಪ್ಪರದ ಎರಡೂ ಕಡೆ ನಕ್ಕಿತು. ಎರಡನೆಯದು ಯಜಮಾನರಿಗೆ; ಎದೆಯ ಮೇಲೆ ಉಬ್ಬಸ ಕಟ್ಟಿಕೊಂಡು ತಿರುಗುವವನಿಗೆ ಮದ್ದು ಕೊಡುವವರು ಯಾರೂ ಇಲ್ಲವೇ ಎಂದು. ಯಜಮಾನರು ಪೆಟ್ಟಿಗೆಯ ಮೇಲೆ ಕೈಯಿಟ್ಟು ತಲೆಬಾಗಿದರು.

ಮೂರನೆಯದಕ್ಕೆ ಅಜ್ಜಿ ನನ್ನ ಮುಖವನ್ನೇ ನೋಡಿದರು. ಮೈಕು ಹಿಡಿದಿದ್ದವನು ನಾನೇ. ಮುಖ ಮುಚ್ಚಿಕೊಳ್ಳೋಣವೆಂದರೆ ಕೈಗೆ ಬಿಡುವಿಲ್ಲ. ತಿರುಗೋಣವೆಂದರೆ ಮೈಕು ತಿರುಗುತ್ತದೆ.

ನಾಯಂಗೆ ಬೊಗಳ್ದ ರೈಲಂಗೆ ಕೂಗ್ದ
ನನ್ನ ಮಗನಂಗೆ ಕೆಮ್ಮಿದ
ಹೆತ್ತವ್ವ ಹೊಸಿಲಲ್ಲಿ ಕೂಗಿ ಕರೆದರೆ
ಯಾವನಂಗೆ ಓ ಅಂದೀಯೋ ಕಂದಯ್ಯ

ಹೆಂಗಸರು ತಿರುಗಿ ಹೇಳಿದರು. ನಮ್ಮ ಆರ್ಕೆಸ್ಟ್ರಾದ ಹುಡುಗರೂ, ಅಭ್ಯಾಸಬಲದಿಂದ, ತಿರುಗಿ ಹೇಳಿದರು. ಆಮೇಲೆ ಸಂದು. ಯಾರೂ ಅದನ್ನು ತುಂಬಲಿಲ್ಲ. ಹಾರನ್ನಿನಲ್ಲಿ ಬ್ಯಾಟರಿಯ ಸಣ್ಣ ಗುಂಯ್ ಮಾತ್ರ. ಅಜ್ಜಿ ಕಾಯುತ್ತಿದ್ದರು. ದೊಡ್ಡವ್ವನೂ ನನ್ನ ಕಡೆ ನೋಡಿದರು.

ಮೈಕನ್ನು ತಿರುಗಿಸಿ ನನ್ನ ಬಾಯಿಗೆ ತಂದುಕೊಂಡೆ. ಮೊದಲು ಬಾಯಿಗೆ ಬಂದದ್ದು ಸಿನಿಮಾದವರೊಬ್ಬರ ದನಿ, ನುಂಗಿದೆ. ಕಂಡಕ್ಟರು ಬಂದ, ಅವನನ್ನೂ ನುಂಗಿದೆ. ಉಳಿದದ್ದನ್ನು ಅಂದೆ.

"ಓ."

ಹಾರನ್ನಿನಿಂದ ಬಂದ ಆ ಸದ್ದು ಒಡಕಾಗಿತ್ತು, ತೆಳ್ಳಗಿತ್ತು, ಬಿಸಿಲಿಗೆ ಬಿಟ್ಟ ಕೋಳಿಮರಿಯ ಕೂಗಿನ ಹಾಗಿತ್ತು. ಯಾರದೋ ಎಂದು ನಾನೇ ತಲೆಯೆತ್ತಿ ನೋಡಿದೆ. ಜನ ಬಿದ್ದು ಬಿದ್ದು ನಕ್ಕರು, ನನ್ನ ಯಾವ ನಾಯಿಗೂ ಅಷ್ಟು ನಕ್ಕಿರಲಿಲ್ಲ. ಅಜ್ಜಿ ನಗಲಿಲ್ಲ. ನನ್ನ ಕೆನ್ನೆಗೆ ಮೆಲ್ಲಗೆ ತಟ್ಟಿ, ಮಂಡಿಗೆ ಕೈಯೂರಿ ಎದ್ದು, ಹೆಣ್ಣಿನ ತಂದೆ ಹಿಡಿದಿದ್ದ ಚೊಂಬಿನ ಕಡೆ ಹೋಗಿ ಕೈಯೊಡ್ಡಿದರು. ಅವರ ಹಿಂದೆ ಇಡೀ ಜಮಖಾನ ಎದ್ದಿತು. ಟ್ರಂಕು ಲಾರಿಯಿಂದ ವಾಪಸು ಬಂತು.

ನಾನು ವೈರು ಸುತ್ತುತ್ತ ಹಿಂದೆಯೇ ಉಳಿದುಕೊಂಡೆ. ಆದರೆ ಬೀಗರ ಹಾಡಿನಲ್ಲಿ ಆಡಿಕೊಂಡವನು ಆಡಿಸಿಕೊಂಡವರ ಪಕ್ಕದಲ್ಲೇ ಉಣ್ಣಬೇಕೆಂದು ದೊಡ್ಡವ್ವ ತಳ್ಳಿಕೊಂಡು ಹೋಗಿ ಕೂರಿಸಿದರು. ಪಕ್ಕದ ಎಲೆ ಬೀಗರದು. ಅವರು ನನ್ನನ್ನು ನೋಡಿ ಸೌಜನ್ಯಕ್ಕೆ ನಕ್ಕು, ನನ್ನ ಎಲೆಗೂ ನೀರು ಚಿಮುಕಿಸಿದರು. ಅನ್ನ ಬಂತು, ಸಾರು ಬಂತು. ಯಜಮಾನರು ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತ ಬಂದರು. ನನ್ನ ಎಲೆಯ ಹತ್ತಿರ ಬಗ್ಗಿ, ಮೈಸೂರಿನವನು ಬೇಡ, ನೀನೇ ಇರು, ಹೆಣ್ಣಿನ ಅಣ್ಣನ ಗೆಳೆಯರು ಈಗಲೇ ಕೇಳುತ್ತಿದ್ದಾರೆ, ಮುಂದಿನ ಮದುವೆಗಳಲ್ಲೂ ಹೀಗೇ ಎದುರಿನವರಿಗೆ ಮೈಕು ಹಿಡಿದು ಬೈಸಿಕೊಳ್ಳಬೇಕು, ಒಳ್ಳೆ ಐಟಂ ಆಯಿತು ಎಂದು ಪಿಸುಗುಟ್ಟಿ, ಎರಡು ಸೌಟು ಹೆಚ್ಚಿಗೆ ಹಾಕಿ ಮುಂದೆ ಹೋದರು. ಇಷ್ಟು ದಿನ ಕಾದಿದ್ದ ಮಾತು ಅದು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಪಕ್ಕದಲ್ಲಿ ಬೀಗರು ಮಾತಾಡುತ್ತಿರಲಿಲ್ಲ. ಬಡಿಸುವವರು ಸಾರು ಬೇಕೇ ಎಂದರೆ ಕೈಯಲ್ಲೇ ಸನ್ನೆ. ಅಜ್ಜಿ ಆಚೆ ಸಾಲಿನಿಂದ ಏನೋ ಕೇಳಿದರು; ಇವರು ಬಾಯಿ ತೆರೆದರು, ಗಂಟಲಿಗೆ ಕೆಮ್ಮು ಬಂತು, ತಡೆದು ನೀರು ಕುಡಿದರು. ಮತ್ತೆ ಬಾಯಿ ತೆರೆದರು, ಮತ್ತೆ ನೀರು. ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರಾಡಿತು. ಕೆಮ್ಮದೆ ಅವರಿಗೆ ಮಾತು ಹೊರಡುವುದಿಲ್ಲ. ನನ್ನ ಪಕ್ಕದಲ್ಲಿ ಕೂತು ಅವರು ಕೆಮ್ಮುವ ಹಾಗಿಲ್ಲ.

ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲೊಬ್ಬ ಕೆಮ್ಮಿದರೆ ಆ ಗದ್ದಲದಲ್ಲಿ ಅವರೂ ಕೆಮ್ಮಿಕೊಳ್ಳಲಿ ಎಂದು, ಖಾರ ನೆತ್ತಿಗೇರಿದವನ ಹಾಗೆ ತಲೆ ತಗ್ಗಿಸಿ, ಯಾರ ದನಿಯನ್ನೂ ತರದೆ, ನನ್ನ ಗಂಟಲಿನಿಂದಲೇ ಒಂದು ಕೆಮ್ಮು ಕೆಮ್ಮಿದೆ.

ಬೀಗರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಕೆಮ್ಮನ್ನು ಹೇಗೋ ನುಂಗಿಕೊಂಡು ಕೇಳಿದರು:

"ಇನ್ನೂ ಮುಗೀನಿಲ್ವೇನಪ್ಪ ನಿಂದು?"